ಸಡಿಲಿದ ಗಂಟು

“ಎಲ್ಲಿ ನೋವು? ಹೇಳಿ, ನೋಡೋಣ.”

ಖಾಲಿ ಮಂಚವನ್ನು ಹೀಗೆ ಕೇಳಿ ಅವಳು ನಕ್ಕಳು. ಆ ಊರಿಗೆ ಬಂದು ಮೂರು ವಾರವಾಗಿತ್ತು. ಅವಳ ನಗುವನ್ನು ಕೇಳಿಸಿಕೊಳ್ಳುವವರು ಇನ್ನೂ ಯಾರೂ ಸಿಕ್ಕಿರಲಿಲ್ಲ.

ಮೈಕೈ ನೋವಿಗೆ ವ್ಯಾಯಾಮ ಹೇಳಿಕೊಡುವುದು ಅವಳ ಕೆಲಸ. ಬಾಡಿಗೆಗೆ ಹಿಡಿದ ಆ ಕೋಣೆಯಲ್ಲಿ ಹಿಂದೆ ಒಬ್ಬ ಮುದುಕ ನಲವತ್ತು ವರ್ಷ ಎಣ್ಣೆ ಹಚ್ಚಿ ಬೆನ್ನು ನೀವಿದ್ದನಂತೆ. ಅವನು ನೀವಿ ತೆಗೆದ ನೋವು ಮರಳುತ್ತಿರಲಿಲ್ಲವಂತೆ. ಮಂತ್ರ ಹೇಳಿ, ಒಂದೊಂದು ನೋವನ್ನೂ ಕಪ್ಪು ಹಗ್ಗದಲ್ಲಿ ಒಂದೊಂದು ಗಂಟಾಗಿ ಬಿಗಿದು, ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದನಂತೆ. ಬೀಗದ ಕೈ ಕೊಡುವಾಗ ಅವನ ಹೆಂಡತಿ, ಹಿತ್ತಿಲ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ, ಎರಡೇ ಮಾತು ಹೇಳಿದ್ದಳು. ಹಗ್ಗ ಮುಟ್ಟಬೇಡ. ಕೋಣೆಯಲ್ಲಿ ಯಾರೂ ಇಲ್ಲದಾಗ ಎಲ್ಲಿ ನೋವು ಎಂದು ಬಾಯಿಬಿಟ್ಟು ಕೇಳಬೇಡ. ಗಂಟುಗಳು ತಮ್ಮನ್ನೇ ಕೇಳಿದರೆಂದುಕೊಳ್ಳುತ್ತವೆ.

“ಹಗ್ಗಕ್ಕೂ ಕಿವಿ ಇದ್ರೆ ಹೇಳಿ ಅಜ್ಜಿ, ಅದಕ್ಕೂ ಒಂದು ಟೈಮ್ ಬರ್ಕೊಳ್ತೀನಿ” ಎಂದಿದ್ದಳು ಇವಳು. ಮುದುಕಿ ನಕ್ಕಿರಲಿಲ್ಲ.

ಈ ಮಧ್ಯಾಹ್ನ ಮೂರು ಗಂಟೆಗೆ ಬರಬೇಕಾದವರು ಬಂದಿರಲಿಲ್ಲ. ಕರೆಂಟು ಹೋಗಿತ್ತು. ಕಿಟಕಿಯಿಲ್ಲದ ಕೋಣೆ, ಗೋಡೆ ಕುಡಿದಿದ್ದ ಹಳೆಯ ಎಣ್ಣೆಯ ಕಮಟು ಕತ್ತಲಲ್ಲಿ ಮತ್ತಷ್ಟು ದಟ್ಟವಾಗಿತ್ತು. ಬೇಸರಕ್ಕೆ ಬಂದ ಮಾತು ಅದು, ಅಷ್ಟೆ.

ಬೆನ್ನ ಹಿಂದೆ ಒಣ ನಾರು ನಾರಿಗೆ ಉಜ್ಜಿದ ಸದ್ದಾಯಿತು. ಯಾರದೋ ಬೆವರಿನ ವಾಸನೆ ತೇಲಿಬಂತು. ಆಮೇಲೆ ಎರಡು ಹೆಗಲಮೂಳೆಗಳ ನಡುವೆ, ತಣ್ಣಗೆ, ಒಂದು ಹೆಬ್ಬೆರಳು ಊರಿತು.

ತಿರುಗಿದರೆ ಯಾರೂ ಇಲ್ಲ. ಹಗ್ಗದ ತುದಿ ಮಾತ್ರ ಗೇಣುದ್ದ ಕೆಳಗಿಳಿದಿತ್ತು.

ಅವಳು ಹೆದರುವ ಪೈಕಿಯಲ್ಲ. ದಿನವಿಡೀ ಕತ್ತು ಬಗ್ಗಿಸಿ ಫೋನು ನೋಡಿದರೆ, ಹೆಗಲು ಮುದುಡಿಕೊಂಡು ಕೂತರೆ, ಯಾರ ಬೆನ್ನಾದರೂ ಹಿಡಿದುಕೊಳ್ಳುತ್ತದೆ. ಸುತ್ತಿದ ಟವೆಲ್ಲನ್ನು ಬೆನ್ನಡಿಗಿಟ್ಟು ಮಲಗಿದಳು. ಬಾಗಿಲ ಚೌಕಟ್ಟಿಗೆ ಎರಡೂ ತೋಳು ಒತ್ತಿ ಎದೆ ಮುಂದಕ್ಕೆ ಚಾಚಿದಳು. ಬಿಸಿನೀರಿನ ಚೀಲ ಇಟ್ಟಳು. ಹೊಟ್ಟೆ ತುಂಬ ಉಸಿರೆಳೆದಳು. ತನ್ನ ಬೆನ್ನಿಗೆ ತನ್ನದೇ ಕೈ ಎಟುಕುವುದಿಲ್ಲವೆಂಬುದು ಆಗ ಗೊತ್ತಾಯಿತು. ಸವರಲು ಬೇರೆ ಕೈ ಆ ಮನೆಯಲ್ಲಿರಲಿಲ್ಲ.

ಮೂರನೆಯ ದಿನ ನೋವು ಪಕ್ಕೆಲುಬು ಹಿಡಿದು ಮುಂದಕ್ಕೆ ಬಂತು. ಪಕ್ಕೆಲುಬು ಬೆನ್ನನ್ನೂ ಎದೆಯನ್ನೂ ಬೆಸೆಯುತ್ತದೆ, ಹಿಂದಿನ ನೋವು ಮುಂದೆ ಕಾಣಿಸುವುದುಂಟು ಎಂದು ಅವಳೇ ಎಷ್ಟೋ ಜನಕ್ಕೆ ವಿವರಿಸಿದ್ದಳು. ಆದರೂ ಎದೆನೋವನ್ನು ಉಡಾಫೆ ಮಾಡಬಾರದೆಂದೂ ಅವಳೇ ಹೇಳುತ್ತಿದ್ದುದು. ಆಸ್ಪತ್ರೆಗೆ ಹೋದಳು. ಇಸಿಜಿ ಸರಿಯಿತ್ತು. ಎಕ್ಸ್-ರೇ ಸರಿಯಿತ್ತು. ಡಾಕ್ಟರು ಬರೆಯುತ್ತಲೇ ಎಲ್ಲಿ ನೋವು ಎಂದು ಕೇಳಿದರು, ಇವಳು ಮುಟ್ಟಿ ತೋರಿಸಿದಳು, ಅವರು ತಲೆ ಎತ್ತದೆ ಟೆನ್ಷನ್ ಇರಬೇಕೆಂದರು.

ಒಂಬತ್ತನೆಯ ದಿನಕ್ಕೆ ಹೆಬ್ಬೆರಳು ಹತ್ತು ಬೆರಳಾಗಿತ್ತು. ಬೆರಳುಗಳು ಬೆನ್ನಿನಿಂದ ಹೊಕ್ಕು ಎದೆಗೂಡನ್ನು ಒಳಗಿನಿಂದ ಹಿಡಿದಿದ್ದವು. ಅರ್ಧ ಉಸಿರು ಹೋಗುತ್ತಿತ್ತು, ಅರ್ಧ ನಿಲ್ಲುತ್ತಿತ್ತು. ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋದಳು.

ಮುದುಕಿ ಅವಳ ಬಾಗಿದ ಬೆನ್ನು ನೋಡಿ ಬಾಗಿಲನ್ನು ಅರ್ಧ ಮುಚ್ಚಿಕೊಂಡಳು. ಮರೆಯಿಂದಲೇ ಹೇಳಿದಳು. ತಾನೂ ಒಂದು ಸಲ ತಮಾಷೆಗೆ ಕೇಳಿದ್ದಳಂತೆ. ಸಡಿಲಿದ ಗಂಟನ್ನು ಕಟ್ಟಿದವನೂ ಮತ್ತೆ ಬಿಗಿಯಲಾರನಂತೆ. ಹನ್ನೊಂದನೆಯ ದಿನ ಎದೆಗೂಡು ಮುಚ್ಚಿಕೊಳ್ಳುತ್ತದಂತೆ. ಪಾರಾಗುವ ದಾರಿ ಒಂದೇ. ತನ್ನವರೆನ್ನುವವರು ಯಾರಾದರೂ ಎಲ್ಲಿ ನೋವೆಂದು ಕೇಳಬೇಕು, ನೋವಿರುವವರು ಜಾಗ ಹೇಳಬೇಕು. ಹೇಳಿದ ಕ್ಷಣ ನೋವು ಕೇಳಿದವರದು.

“ನಮ್ಮ ಯಜಮಾನ್ರು ಪಕ್ಕದಲ್ಲಿ ಕೂತು ಕೇಳಿದ್ರು ಮಗಳೇ. ಹೇಳಬಾರದು ಅಂತ ಗೊತ್ತಿತ್ತು. ಹೇಳ್ಬಿಟ್ಟೆ.” ಬಾಗಿಲ ಸಂದು ಇನ್ನಷ್ಟು ಕಿರಿದಾಯಿತು. “ಹೂವಿನ ಹಾಗೆ ಹಗುರಾದೆ. ಮಣ್ಣು ಮಾಡಿ ಬರೋವಾಗ್ಲೂ ಹಗುರಾಗೇ ಇದ್ದೆ.”

ಬಾಗಿಲು ಪೂರ್ತಿ ಮುಚ್ಚಿತು.

ಇಡೀ ಊರು ತನ್ನ ನೋವು ಹೇಳಿಕೊಳ್ಳಲು ಅವಳ ಬಳಿಗೆ ಬರುತ್ತಿತ್ತು. ಅವಳನ್ನು ಕೇಳುವವರು? ಎಣಿಸಲು ಒಂದು ಬೆರಳು ಸಾಕಾಗಿತ್ತು. ಅಕ್ಕ. ತಾಯಿ ಹೋದ ಮೇಲೆ ಸಾಕಿದವಳು. ಕೆಮ್ಮಿ ಕೆಮ್ಮಿ ಸುಸ್ತಾದ ತಂಗಿಯ ಬೆನ್ನು ಸವರುತ್ತ, ಕೂತಲ್ಲೇ ತೂಕಡಿಸಿದವಳು. ಮಾತಿಗೆ ಮಾತು ಬೆಳೆದು, ಎರಡು ವರ್ಷದಿಂದ ಫೋನಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳೇ ಫೋನು ಮಾಡಿದಳು. ಯಾಕೆ ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಇಷ್ಟು ದಿನಕ್ಕೆ ನೆನಪಾಯ್ತಾ ಮಹಾರಾಣಿಗೆ?” ಎಂದಳು ಅಕ್ಕ. ಆಮೇಲೆ ಬೈಗುಳ ನಿಂತಿತು. “ಯಾಕೇ? ಯಾಕೆ ಹೀಗೆ ಉಸಿರಾಡ್ತಿದೀಯ?”

ಹಗ್ಗ ಅಲುಗಿತು. ಗಾಳಿಯಿರಲಿಲ್ಲ. ಬೆರಳುಗಳು ಬಿಗಿದವು. ಎಣ್ಣೆಯ ನಾತ. ಬೆವರಿನ ನಾತ. ಉಸಿರು ಗಂಟಲಲ್ಲೇ ನಿಂತಿತು.

“ಚಿನ್ನಾ, ಎಲ್ಲಿ ನೋವು?”

ಬೆರಳುಗಳು ಸಡಿಲಿದವು. ಕಾದು ನಿಂತವು. ಹನ್ನೊಂದು ದಿನದಲ್ಲಿ ಮೊದಲ ಸಲ ಗಾಳಿ ಎದೆಯ ತಳದವರೆಗೆ ಇಳಿಯಿತು. ಎಷ್ಟು ಸಿಹಿ ಅದು. ನಾಲಗೆಯ ತುದಿಗೆ ಮಾತು ತಾನಾಗಿ ಬಂದು ಕೂತಿತು. ಒಂದೇ ಮಾತು. ಬೆನ್ನಲ್ಲಿ ಅಕ್ಕ. ಅಷ್ಟೆ.

“ಹೇಳು ಪುಟ್ಟಿ. ನಿಂಗೆ ಕೈ ಮುಗೀತೀನಿ. ಎಲ್ಲಿ?”

ಅವಳು ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು.

“ಹೇಳಲ್ಲ ಅಕ್ಕ.”