ಅಪ್ಪನ ರಕ್ತದಲ್ಲಿ ಕಂಡ ಚೂಪು ಗೆರೆ

"ಕೈ ತೆಗೀರಿ!"

ಯಂತ್ರದ ಮುಚ್ಚಳದತ್ತ ಚಾಚಿದ ಅವಳ ಕೈ ಆ ಕೂಗಿಗೆ ಅಲ್ಲೇ ನಿಂತಿತು.

"ಒಳಗೆ ಸಾವಿರಾರು ವೋಲ್ಟ್ ಇದೆ. ಯಾರು ನೀವು?"

"ಗಣಿತದವಳು... ಈ ಯಂತ್ರದ ಲೆಕ್ಕ ಮಾಡೋಕೆ ಬಂದಿದ್ದೀನಿ."

"ಲೆಕ್ಕಕ್ಕೆ ಮುಚ್ಚಳ ಯಾಕೆ ತೆಗೀಬೇಕು?"

ಆಸ್ಪತ್ರೆಯ ಲ್ಯಾಬಿನಲ್ಲಿ ಈ ಟೆಕ್ನಿಷಿಯನ್‌ನನ್ನು ಎಲ್ಲರೂ ಗುಮ್ಮ ಅನ್ನುವುದು ಯಾಕೆಂದು ಅವಳಿಗೆ ಆಗಲೇ ಗೊತ್ತಾಯಿತು.

ಯಂತ್ರದೊಳಗೆ ಕೂದಲಿನಷ್ಟು ಸಪೂರವಾದ ಗಾಜಿನ ಕೊಳವೆ. ವಿದ್ಯುತ್ ಕೊಟ್ಟರೆ ರಕ್ತದ ಪ್ರೋಟೀನುಗಳು ಅದರಲ್ಲಿ ಗುಂಪುಗುಂಪಾಗಿ ಬೇರೆಯಾಗಿ ಓಡುತ್ತವೆ. ಪರದೆಯ ಮೇಲೆ ಒಂದೊಂದು ಗುಂಪಿಗೆ ಒಂದೊಂದು ದಿಬ್ಬ. ಯಾವ ಗುಂಪು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ, ಎಷ್ಟು ಹರಡುತ್ತದೆ ಎಂದು ಸಮೀಕರಣ ಬರೆದು ಮೊದಲೇ ಹೇಳುವುದು ಅವಳ ಕೆಲಸ.

ದಿನಾ ಜಗಳ. ಆದರೆ ಅವಳ ಲೆಕ್ಕ ತಪ್ಪಿದಾಗ ಗುಮ್ಮ ನಗುತ್ತಿರಲಿಲ್ಲ. "ಇನ್ನೊಂದ್ಸಲ ಓಡಿಸಿ ನೋಡೋಣ" ಅನ್ನುತ್ತಿದ್ದ. ಆ 'ನೋಡೋಣ'ದಲ್ಲಿ ತಾನೂ ಇದ್ದೇನಲ್ಲ... ಮನೆಗೆ ಹೋದ ಮೇಲೂ ಆ ಮಾತು ಅವಳ ಕಿವಿಯಲ್ಲಿರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಒಳಗೆ ಬರುತ್ತಿದ್ದಂತೆ ಅವನು ಪರದೆ ಆರಿಸಿ ಎದ್ದುಹೋದ. ಮುಖ್ಯಸ್ಥರ ಕೋಣೆಯಿಂದ ಅವನ ದನಿ ಕೇಳಿಸಿತು.

"ಸರ್, ಸ್ವಲ್ಪ ದಿನ ಅವರು ಲ್ಯಾಬಿಗೆ ಬರದ ಹಾಗೆ ಮಾಡಿ. ನನ್ನ ಕೈಲಿ ಆಗಲ್ಲ."

ಅವಳು ಬಾಗಿಲಲ್ಲೇ ನಿಂತಳು. ನಾನು ಅಷ್ಟೊಂದು ಬೇಡವಾದೆನಾ?

ಮೆಟ್ಟಿಲ ಬಳಿ ಅವನನ್ನು ತಡೆದು ನಿಲ್ಲಿಸಿದಳು. "ನಾನೇನು ತಪ್ಪು ಮಾಡಿದೆ?"

ಅವನು ತಲೆ ಎತ್ತಲಿಲ್ಲ. "ನಿನ್ನೆ ನಿಮ್ಮಪ್ಪ ಪರೀಕ್ಷೆಗೆ ರಕ್ತ ಕೊಟ್ಟು ಹೋದ್ರು. ನನ್ನ ಮಗಳು ಇಲ್ಲೇ ಇದ್ದಾಳೆ, ಚೆನ್ನಾಗಿ ನೋಡಪ್ಪಾ ಅಂದ್ರು... ಡಾಕ್ಟರು ನೋಡೋ ಮುಂಚೆ ನಾನು ಏನೂ ಹೇಳೋ ಹಾಗಿಲ್ಲ."

ಅವಳು ಅಪ್ಪನಿಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟಳು. "ತೋರಿಸಪ್ಪಾ, ಅವಳಿಗೆ ಮುಚ್ಚಿಡೋದೇನಿದೆ" ಅಂದರು ಅಪ್ಪ.

ಪರದೆಯ ಮೇಲೆ, ಇರಬಾರದ ಜಾಗದಲ್ಲಿ, ಮೊಳೆಯಂಥ ಚೂಪು ಗೆರೆ. ರಕ್ತದ ಕ್ಯಾನ್ಸರ್ ಇದ್ದರೂ ಹೀಗೇ ಕಾಣುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನೂ ಅವನೇ.

ಬೆಳಿಗ್ಗೆಯಷ್ಟೇ ಅಪ್ಪ ಕನ್ನಡಕ ತಲೆಮೇಲಿಟ್ಟುಕೊಂಡು ಮನೆಯೆಲ್ಲಾ ಹುಡುಕುತ್ತಿದ್ದರು...

"ಇದು ಪ್ರೋಟೀನೇ ಅಲ್ದೇ ಇದ್ರೆ?" ದನಿ ಅವಳದ್ದೇ ಅನ್ನಿಸಲಿಲ್ಲ. "ಪ್ರೋಟೀನ್ ದೊಡ್ಡದು, ನಿಧಾನ ಹರಡುತ್ತೆ. ಬೇರೇನೋ ಸಣ್ಣ ಕಣ ಆಗಿದ್ರೆ, ಹೆಚ್ಚು ಹೊತ್ತು ಕೊಳವೆಯಲ್ಲಿದ್ದಷ್ಟೂ ಜಾಸ್ತಿ ಅಗಲ ಆಗ್ಬೇಕು. ವೋಲ್ಟೇಜ್ ಅರ್ಧಕ್ಕಿಳಿಸಿ."

ಯಂತ್ರ ಓಡುವ ಮೊದಲೇ ಲೆಕ್ಕ ಹಾಕಿ ಎರಡು ದಿಬ್ಬಗಳ ಗೆರೆ ಎಳೆದಳು. ಕಿರಿದಾದದ್ದು ಪ್ರೋಟೀನಿಗೆ, ಅಗಲದ್ದು ಸಣ್ಣ ಕಣಕ್ಕೆ. ನನ್ನ ಸಮೀಕರಣವೇ ತಪ್ಪಿದ್ದರೆ? ಅವನು ಯಂತ್ರ ಓಡಿಸಿದ.

ಗೆರೆ ನಿಧಾನವಾಗಿ ಏರಿತು... ಬಾಗಿತು... ಅವಳು ಎಳೆದ ಅಗಲದ ಗೆರೆಯ ಮೇಲೇ ಇಳಿಯಿತು.

ಮತ್ತೆ ಫೋನ್. "ಅಪ್ಪಾ, ರಕ್ತ ಕೊಡೋ ಮುಂಚೆ ಏನಾದ್ರೂ ಇಂಜೆಕ್ಷನ್ ತಗೊಂಡ್ರಾ?"

"ಹೊಟ್ಟೆ ಸ್ಕ್ಯಾನಿಗೆ ಏನೋ ಡೈ ಚುಚ್ಚಿದ್ರು ಮಗಳೇ. ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

ಗುಮ್ಮ ಕುರ್ಚಿಯಲ್ಲಿ ಕುಸಿದ. "ಸ್ಕ್ಯಾನಿನ ಡೈನೂ ಇಲ್ಲಿ ಇದೇ ಥರ ಗೆರೆ ಎಬ್ಬಿಸುತ್ತೆ. ಬೇರೆ ಯಾರ ರಕ್ತ ಆಗಿದ್ರೂ ಮೊದಲು ಅದನ್ನೇ ಕೇಳ್ತಿದ್ದೆ. ನಿಮ್ಮಪ್ಪಂದು ಅಂತ ಗೊತ್ತಾದ್ಮೇಲೆ ತಲೆನೇ ಓಡ್ಲಿಲ್ಲ."

ಆದರೂ ಭಯ ಬಿಡಲಿಲ್ಲ. ಡೈ ಮೈಯಿಂದ ಹೋಗುವವರೆಗೆ ಕಾಯಬೇಕಿತ್ತು. ಅಷ್ಟೂ ದಿನ ಅವಳು ಅಪ್ಪನ ಮುಖವನ್ನೇ ಕದ್ದು ನೋಡಿದಳು. ಹೊಸ ರಕ್ತದಲ್ಲಿ ಆ ಜಾಗ ಸಪಾಟಾಗಿತ್ತು. ಡಾಕ್ಟರೂ ಗಾಬರಿ ಬೇಡ ಅಂದಾಗ ಅವಳು ಲ್ಯಾಬಿಗೆ ಓಡಿಬಂದು ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟಳು.

ಅವನು ಪಕ್ಕಕ್ಕೆ ಬಂದು ನಿಂತ.

"ನನ್ನನ್ನ ಬರಬೇಡ ಅಂದಿದ್ದು ಇದಕ್ಕೇನಾ?"

"ನಿಮ್ಮ ಮುಖ ನೋಡಿದ್ರೆ ಎಲ್ಲಾ ಹೇಳಿಬಿಡ್ತಿದ್ದೆ."

"ರಕ್ತದ ವಿಷಯಾನಾ?"

"ಅದೂನೂ... ನಿಮ್ಮಪ್ಪನ ಹತ್ರ ಬಂದು ಮಾತಾಡಲಾ?"

"ನನ್ನ ಹತ್ರ ಮಾತಾಡದೇನೇ?"

ಅವನು ಅವಳತ್ತ ತಿರುಗಿದ. "ನೀವು ಬರದ ದಿನ ಈ ಬಾಗಿಲು ತೆಗೆಯೋಕೂ ಮನಸ್ಸಾಗಲ್ಲ ನನಗೆ. ಜೀವನಪೂರ್ತಿ ಜೊತೆಗಿರ್ತೀರಾ?"

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಇರ್ತೀನಿ. ಬನ್ನಿ, ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಒಬ್ಬಳೇ ಹೇಳೋಕೆ ನನಗೂ ಭಯ."