ಕಟ್ಟೆಯ ಮೇಲಿನ ಮಂಕು

ತನುಜಾ ಇನ್ನಷ್ಟು ಒತ್ತಿ ಉಜ್ಜಿದಳು. ಹೊಸ ಅಡುಗೆಕಟ್ಟೆಯ ಬಿಳಿ ಮಾರ್ಬಲ್ ಮೇಲೆ ಅರಿಶಿನದ ಬಟ್ಟಲಿನ ಗುರುತು ಬಳೆಯ ಹಾಗೆ ದುಂಡಗೆ ಕೂತುಬಿಟ್ಟಿತ್ತು. ಹೊಸ್ತಿಲಿಗೆ ಹಚ್ಚಲು ಅರಿಶಿನ ಕಲಸಿ ಅಲ್ಲಿಟ್ಟವಳು ಅವಳೇ. ಸೋಪು ಹಾಕಿ ಉಜ್ಜಿದರೂ ಹೋಗಿರಲಿಲ್ಲ.

ಹಿತ್ತಲಲ್ಲಿ ಅಜ್ಜಿ ಗಂಗರತ್ನಮ್ಮ ಶುಕ್ರವಾರಕ್ಕೆಂದು ಹಿತ್ತಾಳೆ ದೀಪ ತೊಳೆಯುತ್ತಿದ್ದರು. ಕಪ್ಪಗಾದ ದೀಪಕ್ಕೆ ಹುಣಸೆಹಣ್ಣು ಬಳಿದು, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಚಿನ್ನದ ಹಾಗೆ ಬೆಳಗುತ್ತದೆ. ಅದನ್ನು ನೋಡಿಯೇ ತನುಜಾಗೆ ಉಪಾಯ ಹೊಳೆದದ್ದು. ಅಜ್ಜಿಯ ಬಟ್ಟಲಿನಿಂದ ಒಂದು ಹಿಡಿ ಹುಣಸೆ ತಂದು ಕಟ್ಟೆಗೆ ಮೆತ್ತಿ, ಟಿವಿ ನೋಡಿ ಬಂದು ಈಗ ತಿಕ್ಕುತ್ತಿದ್ದಳು.

ನೀರು ಹಾಕಿ ಒರೆಸಿದಳು. ಹಳದಿ ಸ್ವಲ್ಪ ಮಾಸಿತ್ತು. ಆದರೆ ಒಂದು ರೊಟ್ಟಿಯಗಲ ಜಾಗ ಹೊಳಪು ಸತ್ತು ಮಂಕಾಗಿತ್ತು. ಬೆರಳಾಡಿಸಿದರೆ ತರಿತರಿ.

ಅದು ಅಮ್ಮ ಶಾಂತಲಾ ಹಠ ಹಿಡಿದು ಹಾಕಿಸಿದ ಕಲ್ಲು. ಪುಟ್ಟೇನಹಳ್ಳಿಯ ಅವರ ಮನೆಯ ಪಕ್ಕ ದೊಡ್ಡ ಬಿಲ್ಡಿಂಗ್ ಎದ್ದ ಮೇಲೆ ಅಡುಗೆಮನೆಗೆ ಹಗಲಲ್ಲೂ ಬೆಳಕಿರಲಿಲ್ಲ. ಹಳೆಯ ಕಪ್ಪು ಕಡಪ ಕಲ್ಲಿನ ಮೇಲೆ ಜಿರಲೆ ಓಡಿದರೂ ಕಾಣುತ್ತಿರಲಿಲ್ಲ. ಗ್ರಾನೈಟ್ ತಗೊಳ್ಳಿ, ಹುಳಿ ಸೋಕಿದರೆ ಮಾರ್ಬಲ್ ಕೆಟ್ಟುಹೋಗುತ್ತದೆ ಎಂದು ಅಂಗಡಿಯವನು ಬಡಕೊಂಡ. ಅಮ್ಮ ಬಿಳಿಯದೇ ಬೇಕೆಂದಳು. ನಿಂಬೆ, ಹುಣಸೆ, ಮೊಸರು ಯಾವುದೂ ಕಟ್ಟೆಗೆ ತಾಗಕೂಡದೆಂದು ಮನೆಯವರಿಗೆಲ್ಲ ಹೇಳಿದಳು. ಅಂದಿನಿಂದ ಅಜ್ಜಿ ನೆಲದ ಮೇಲೆ ಕೂತೇ ಹುಣಸೆ ಕಿವುಚುತ್ತಿದ್ದರು. ಅಮ್ಮ ಹೇಳುವಾಗ ತನುಜಾ ಮೊಬೈಲ್ ಗೇಮ್‌ನಲ್ಲಿ ಮುಳುಗಿದ್ದಳು. ಹೂಂ ಅಂದಿದ್ದಳು, ಅಷ್ಟೇ.

ಸಂಜೆ ಟೈಲರಿಂಗ್ ಅಂಗಡಿಯಿಂದ ಬಂದ ಅಮ್ಮ ಲೈಟು ಹಾಕಿದಳು. ಕಟ್ಟೆ ನೋಡಿದಳು. ಸಿಂಕಿನಲ್ಲಿದ್ದ ಹುಣಸೆಯ ನಾರು ನೋಡಿದಳು. ಅಜ್ಜಿಯನ್ನು ಒಳಗೆ ಕರೆದಳು.

“ಎಷ್ಟ್ ಸಲ ಹೇಳ್ಬೇಕು ಅತ್ತೆ ನಿಮ್ಗೆ? ನಾನು ಆಸೆಪಟ್ಟು ಹಾಕ್ಸಿದ್ದು ಅಂತಾನೇ ಹಿಂಗ್ ಮಾಡಿದ್ರಾ?”

ಅಜ್ಜಿ ಏನೂ ತಿಳಿಯದೆ ಕಟ್ಟೆಯನ್ನು ನೋಡಿದರು. ಆಮೇಲೆ ಬಾಗಿಲ ಮರೆಯಲ್ಲಿದ್ದ ತನುಜಾಳ ಕೈ ನೋಡಿದರು. ಉಗುರ ಸಂದಿಯಲ್ಲಿ ಇನ್ನೂ ಹುಣಸೆ ಇತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

“ಮರ್ತೋಯ್ತು ಕಣಮ್ಮ,” ಅಂದರು ಅಜ್ಜಿ. “ವಯಸ್ಸಾಯ್ತಲ್ಲ.”

“ಮರೆಯೋದಾದ್ರೆ ಅಡುಗೆಮನೆಗೆ ಬರ್ಲೇಬೇಡಿ.”

“ಆಯ್ತು ಬುಡು.”

ಅಜ್ಜಿ ಮಾತಿಗೆ ತಪ್ಪಲಿಲ್ಲ. ಅಮ್ಮ ಸೊಸೆಯಾಗಿ ಬರುವ ಮೊದಲಿನಿಂದ ಆ ಅಡುಗೆಮನೆ ನಡೆಸಿದವರು ಈಗ ಜಗಲಿಯಲ್ಲಿ ಕೂತಿರುತ್ತಿದ್ದರು. ಕಾಫಿ ಬೇಕಾದರೂ ಯಾರಾದರೂ ಕೇಳುವವರೆಗೆ ಕಾಯುತ್ತಿದ್ದರು, ನೆಂಟರ ಹಾಗೆ. ಅದನ್ನು ನೋಡಲಾರದೆ ತನುಜಾ, ಅಮ್ಮನಿಗೆ ಹೇಳಿಬಿಡಲಾ ಎಂದು ಅಜ್ಜಿಯನ್ನೇ ಕೇಳಿದಳು.

“ಬ್ಯಾಡ, ಸುಮ್ಕಿರು. ನಿಂಗಾದ್ರೆ ಹೊಡೀತಾಳೆ. ನಂಗೆ ಹೊಡೆಯಾಕಾಯ್ತದಾ?” ಅಜ್ಜಿ ನಕ್ಕರು. ಕಣ್ಣು ಮಾತ್ರ ಅಡುಗೆಮನೆಯ ಕಡೆಗೇ ಇತ್ತು.

ಕೊನೆಗೆ ಒಂದು ಬೆಳಿಗ್ಗೆ, ಅಮ್ಮ ಟಿಫನ್ ಬಾಕ್ಸಿಗೆ ಚಿತ್ರಾನ್ನ ತುಂಬುವಾಗ ತನುಜಾ ಎಲ್ಲ ಹೇಳಿಬಿಟ್ಟಳು. ಅಮ್ಮನ ಕೈ ನಿಂತಿತು. ಅವಳು ಹೊಡೆಯಲಿಲ್ಲ, ಬೈಯಲೂ ಇಲ್ಲ. ಜಗಲಿಗೆ ಹೋಗಿ ಅಜ್ಜಿಯ ಮುಂದೆ ನಿಂತಳು.

“ಒಳಗ್ ಬನ್ನಿ ಅತ್ತೆ. ಸಾರಿಗೆ ಒಗ್ಗರಣೆ ನೀವೇ ಹಾಕಿ.”

ಅಜ್ಜಿ ಬಂದರು. ಸಾಸಿವೆ ಸಿಡಿದು ಮನೆಯೆಲ್ಲ ಘಮಘಮ ಅಂದಿತು. ಸದ್ಯ, ಎಲ್ಲ ಸರಿಹೋಯಿತು ಅಂದುಕೊಂಡಳು ತನುಜಾ.

ಅಮ್ಮ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದ ಅಜ್ಜಿ ಲೋಟ ಇಡಲು ಜಾಗ ನೋಡಿದರು. ಉದ್ದಕ್ಕೂ ಕಟ್ಟೆ ಖಾಲಿ ಇತ್ತು. ಅಜ್ಜಿ ಅದನ್ನು ನೋಡಿದರು, ಅಮ್ಮನ ಮುಖ ನೋಡಿದರು.

“ಇದ್ನ ಇಲ್ಲಿ ಇಡ್ಲಾ?”

“ಇಡಿ ಅತ್ತೆ. ಎಲ್ಲಾದ್ರೂ ಇಡಿ,” ಅಂದಳು ಅಮ್ಮ.

ಅಜ್ಜಿ ಇಡಲಿಲ್ಲ. ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಾರು ತಿರುವಿದರು.

ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹಾಕಿತು. ತನುಜಾ ಬ್ಯಾಗು ಕೆಳಗಿಟ್ಟು ಹತ್ತಿರ ಹೋದಳು.

“ಕೊಡಜ್ಜಿ, ನಾನ್ ಹಿಡ್ಕೊಂಡಿರ್ತೀನಿ.”

ಲೋಟ ಸುಡುತ್ತಿತ್ತು. ವ್ಯಾನ್ ಮತ್ತೆ ಹಾರ್ನ್ ಹಾಕಿತು. ಸಾರು ಕುದಿ ಬರುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.