ಡಯಾಲಿಸಿಸ್ ಕ್ಲಿನಿಕ್ಕಿನ ಕಪ್ಪು ಕಿಟಕಿ

"ನಾಳೆ ನನ್ನನ್ನ ಪೊಲೀಸರಿಗೆ ಒಪ್ಪಿಸ್ತಾರಂತೆ ಮೇಡಂ," ಎಂದು ಹುಡುಗಿ ನಮ್ಮ ಮನೆಯ ಹಾಲ್‌ನಲ್ಲಿ ಕುಳಿತು ಬಿಕ್ಕಿದಳು.

ಅತ್ತಿಗೆ ನೀರು ಕೊಟ್ಟು, "ಅಳೋದು ಆಮೇಲೆ. ಮೊದಲಿಂದ ಹೇಳು," ಎಂದರು. ನನ್ನ ಅಣ್ಣನ ಹೆಂಡತಿಯ ಪತ್ತೇದಾರಿಕೆ ಶುರುವಾಗುತ್ತಿದ್ದುದೇ ಹೀಗೆ.

ಹುಡುಗಿ ಒಂದು ಡಯಾಲಿಸಿಸ್ ಕ್ಲಿನಿಕ್ಕಿನ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದಳು. ರೋಗಿಗಳು ಅದರಲ್ಲಿ ಸರದಿ ಕಾದಿರಿಸಿದರೆ, ಸರ್ವರ್‌ನಲ್ಲಿ ಓಡುವ ಒಂದು ಪ್ರೋಗ್ರಾಂ ಅದನ್ನು ಕೌಂಟರಿಗೆ ಮುಟ್ಟಿಸಬೇಕು. ಅದು ಆಗಾಗ ನಿಂತುಹೋಗುತ್ತಿತ್ತು. ಹಿಂದಿನ ವಾರ ನಿಂತಾಗ ಒಬ್ಬ ಅಜ್ಜಿಯ ಬುಕಿಂಗ್ ಕೌಂಟರಿಗೆ ಬರಲೇ ಇಲ್ಲ. ಯಂತ್ರ ಖಾಲಿಯಿಲ್ಲವೆಂದು ಆಕೆಯನ್ನು ವಾಪಸ್ ಕಳುಹಿಸಿದರು. ಈಗ ಆಕೆ ದೊಡ್ಡಾಸ್ಪತ್ರೆಯ ಐಸಿಯುನಲ್ಲಿದ್ದರು.

"ಪ್ರೋಗ್ರಾಂ ಬರೆದಿದ್ದು ನಾನು, ಅದಕ್ಕೇ ತಪ್ಪು ನಂದೇ ಅಂತಾರೆ. ಅದನ್ನ ಸರ್ವರ್‌ನಲ್ಲೇ ಸರ್ವಿಸ್ ಆಗಿ ಕೂರಿಸೋಣ, ಯಾರಿರಲಿ ಬಿಡಲಿ ಹಿಂದೆ ತಾನಾಗೇ ಓಡ್ತಿರತ್ತೆ ಅಂತ ಎಷ್ಟು ಹೇಳಿದೆ! ಸೀನಿಯರ್ ಬಿಡಲಿಲ್ಲ."

"ನಿಂತಾಗ ಸರಿಮಾಡೋದು ಯಾರು?"

"ಅವರೇ. ಕ್ಷಣದಲ್ಲಿ ಮಾಡಿಬಿಡ್ತಾರೆ. ಸರ್ವರ್ ಪಾಸ್‌ವರ್ಡ್ ನನಗೆ ಕೊಟ್ಟಿಲ್ಲ."

ನಾವು ಕ್ಲಿನಿಕ್ಕಿಗೆ ಹೋದೆವು. ಸೀನಿಯರ್ ಎಂಬಾತ ಡಾಕ್ಟರ ಹೆಂಡತಿಯ ತಮ್ಮ. ಕೋಣೆಯಲ್ಲಿ ಬೂಷ್ಟು ಹಿಡಿದ ಲೋಟಗಳು, ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್. ಒಂದರ ತೆರೆಯಲ್ಲಿ ಬರೀ ಒಂದು ಕಪ್ಪು ಕಿಟಕಿ, ಸರ್ವರ್‌ಗೆ ಆಜ್ಞೆ ಟೈಪ್ ಮಾಡುವಂಥದ್ದು. ಅದರ ಪಕ್ಕ 'ಯಾರೂ ಮುಟ್ಟಬಾರದು' ಎಂಬ ಚೀಟಿ. ಆತ ಉಗುರು ಕತ್ತರಿಸಿ ಚೂರುಗಳನ್ನು ನಮ್ಮ ಕಡೆಗೇ ಹಾರಿಸುತ್ತ ಮಾತಾಡಿದ. ನನಗೆ ಅಲ್ಲೇ ಹೇಸಿಗೆಯಾಯಿತು.

"ಈ ಹುಡುಗೀರಿಗೆ ಏನ್ ಬರತ್ತೆ? ನಾನಿಲ್ಲ ಅಂದ್ರೆ ಇಲ್ಲಿ ಒಂದು ಹುಲ್ಲುಕಡ್ಡಿನೂ ಅಲ್ಲಾಡಲ್ಲ."

"ಈ ಕೋಣೆಗೆ ಬೇರೆ ಯಾರಾದ್ರೂ ಬರ್ತಾರಾ?"

"ಹೇಗೆ ಬರ್ತಾರೆ? ಇರೋದೊಂದೇ ಕೀಲಿ, ಅದೂ ನನ್ನ ಜೇಬಲ್ಲಿ."

ಹೊರಗೆ ಬಂದು ಅತ್ತಿಗೆ ಡಾಕ್ಟರನ್ನು ಕೇಳಿದರು: "ಅಜ್ಜಿ ಬರೋ ಹಿಂದಿನ ದಿನ ಇಲ್ಲೇನಾದ್ರೂ ಜಗಳ ಆಗಿತ್ತಾ?"

"ಜಗಳ ಇಲ್ಲಮ್ಮ. ವೆಬ್‌ಸೈಟ್ ಜವಾಬ್ದಾರಿ ಪೂರ್ತಿ ಈ ಹುಡುಗಿಗೇ ಕೊಡೋಣ ಅಂದಿದ್ದೆ, ಅಷ್ಟೇ."

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಅತ್ತಿಗೆ ಎಲ್ಲರನ್ನೂ ಕೌಂಟರಿನ ಬಳಿ ಸೇರಿಸಿದರು. ಡಾಕ್ಟರು, ಸೀನಿಯರ್, ಹುಡುಗಿ, ಕೌಂಟರಿನ ನರ್ಸ್. ಬಾಗಿಲ ಪಕ್ಕ ಒಬ್ಬ ಮುದುಕರು ಕೂತಿದ್ದರು. ಯಾರೋ ರೋಗಿ ಉಳಿದುಬಿಟ್ಟಿದ್ದಾರೆಂದು ನಾವು ತಲೆಕೆಡಿಸಿಕೊಳ್ಳಲಿಲ್ಲ. ಕಪ್ಪು ಕಿಟಕಿಯ ಲ್ಯಾಪ್‌ಟಾಪನ್ನು ಡಾಕ್ಟರೇ ತರಿಸಿದ್ದರು.

ಹುಡುಗಿ ಫೋನಿನಲ್ಲಿ ಒಂದು ಬುಕಿಂಗ್ ಹಾಕಿದಳು. ಕೌಂಟರಿನ ತೆರೆಯ ಮೇಲೆ ಮೂಡಿತು. ಅತ್ತಿಗೆ ಕಪ್ಪು ಕಿಟಕಿಯತ್ತ ಬೆರಳು ಒಯ್ದರು.

"ಅಯ್ಯೋ, ಮುಚ್ಬೇಡಿ! ನಿಂತುಹೋಗತ್ತೆ!" ಸೀನಿಯರ್ ಚೀರಿದ.

ಅತ್ತಿಗೆ ಮುಚ್ಚಿಯೇಬಿಟ್ಟರು. ಇನ್ನೊಂದು ಬುಕಿಂಗ್ ಹಾಕಿದರೆ ಕೌಂಟರಿಗೆ ಏನೂ ಬರಲಿಲ್ಲ.

"ಕೋಡ್ ಕೆಟ್ಟಿದ್ರೆ ಯಾವಾಗ ಬೇಕಾದ್ರೂ ನಿಲ್ಲಬೇಕಿತ್ತು. ಇದು ಈ ಕಿಟಕಿ ಮುಚ್ಚಿದಾಗ ಮಾತ್ರ ಸಾಯತ್ತೆ. ಯಾಕಂದ್ರೆ ಇವರು ಅದನ್ನ ಇಲ್ಲಿಂದ ಕೈಯಾರೆ ಓಡಿಸ್ತಿದ್ರು, ತಮ್ಮ ಲಾಗಿನ್‌ಗೆ ಕಟ್ಟಿಹಾಕಿ. ತೆರೆದು ಮತ್ತೆ ಓಡಿಸೋಕೆ ಕ್ಷಣ ಸಾಕು, ಹೊಗಳಿಕೆನೂ ಸಿಗತ್ತೆ." ಅತ್ತಿಗೆ ಹುಡುಗಿಯತ್ತ ತಿರುಗಿದರು. "ಈಗ ನೀನು ಹೇಳಿದ ಹಾಗೆ ಕೂರಿಸಮ್ಮ."

ಡಾಕ್ಟರು ಹೇಳಿದ ಮೇಲೆ ಸೀನಿಯರ್ ಹಲ್ಲು ಕಡಿಯುತ್ತ ಪಾಸ್‌ವರ್ಡ್ ಒತ್ತಿದ. ಹುಡುಗಿ ಪ್ರೋಗ್ರಾಂ ಅನ್ನು ಸರ್ವಿಸ್ ಆಗಿ ಕೂರಿಸಿ, ಕಿಟಕಿ ಮುಚ್ಚಿ, ಲ್ಯಾಪ್‌ಟಾಪನ್ನೇ ಆರಿಸಿದಳು. ಹೊಸ ಬುಕಿಂಗ್ ಕೌಂಟರಿನಲ್ಲಿ ಥಟ್ಟನೆ ಕಾಣಿಸಿತು.

"ಮುಚ್ಚಿದ್ರೆ ನಿಲ್ಲತ್ತೆ ಅಂತ ಇವರಿಗೆ ಗೊತ್ತಿತ್ತು, ಈಗ ತಾನೇ ಕೂಗಿದ್ರು. ಕೋಣೆಯ ಕೀಲಿ ಒಂದೇ, ಅದು ಇವರ ಜೇಬಲ್ಲಿ. ಜವಾಬ್ದಾರಿ ಕೈತಪ್ಪತ್ತೆ ಅಂದ ಮಾರನೇ ದಿನವೇ ಅದು ನಿಂತಿದೆ. ಆಮೇಲೆ ಗೂಬೆ ಕೂರಿಸೋಕೆ ಈ ಹುಡುಗಿಯ ತಲೆ ಇತ್ತು."

ಸೀನಿಯರ್ ಮುಖ ಕಪ್ಪಿಟ್ಟಿತು. "ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ನನ್ನ ಬೆಲೆ ಗೊತ್ತಾಗತ್ತೆ ಅಂದ್ಕೊಂಡೆ ಭಾವ. ಆ ಅಜ್ಜಿ ಅವತ್ತೇ ಬರತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?"

ಡಾಕ್ಟರು ಅವನ ಕೆನ್ನೆಗೆ ಬಾರಿಸುತ್ತಾರೆಂದು ನಾನು ಕಾದರೆ, ಅವರು ಗಂಟಲು ಸರಿಮಾಡಿಕೊಂಡರು.

"ಆಗಿದ್ದಾಯ್ತು. ಮನೆ ವಿಷಯ, ಹೊರಗೆ ಹೋಗೋದು ಬೇಡ. ಹುಡುಗಿ ಕೆಲಸದಲ್ಲಿ ಇರ್ಲಿ, ಪೊಲೀಸೂ ಬೇಡ."

"ಹೊರಗೆ ಹೋಗೋದೇನು ಬಂತು ಡಾಕ್ಟ್ರೇ?" ಅತ್ತಿಗೆ ಬಾಗಿಲ ಕಡೆ ನೋಡಿದರು. "ಇವರು ಆ ಅಜ್ಜಿಯ ಯಜಮಾನರು. ನಾನೇ ಕರೆಸಿದ್ದು."

ಡಾಕ್ಟರು ಕುರ್ಚಿಯಿಂದ ಎದ್ದರು. ಮುದುಕರು ಅವರನ್ನಾಗಲಿ ಸೀನಿಯರನ್ನಾಗಲಿ ನೋಡದೆ ನೇರ ಹುಡುಗಿಯ ಮುಂದೆ ಬಂದು ನಿಂತರು.

"ಅವತ್ತು ಎಲ್ಲರೆದುರು ನಿನಗೆ ಶಾಪ ಹಾಕಿಬಿಟ್ಟೆನಲ್ಲ ತಾಯಿ. ಅದನ್ನ ಹೇಗೆ ವಾಪಸ್ ತಗೊಳ್ಳಲಿ?"

ಮುದುಕರು ಕಣ್ಣೊರೆಸಿಕೊಂಡು ಕೇಳಿದರು: "ಪೊಲೀಸ್ ಸ್ಟೇಷನ್ ಯಾವ ಕಡೆ ಬರತ್ತಮ್ಮ?"

ಅವಳು ಕೊರಳಿನಲ್ಲಿದ್ದ ಕ್ಲಿನಿಕ್ಕಿನ ಗುರುತಿನ ಚೀಟಿ ತೆಗೆದು ಕೌಂಟರಿನ ಮೇಲಿಟ್ಟು ಅವರ ತೋಳು ಹಿಡಿದುಕೊಂಡಳು.

"ಬನ್ನಿ ತಾತ, ನಾನೇ ಕರ್ಕೊಂಡು ಹೋಗ್ತೀನಿ."